ಕರೆಂಟ್ ಹೋದಾಗ ಪೆಲೆಟ್ ಒಲೆ: ಇಡೀ ಮನೆಗೆ ದೊಡ್ಡ ಇನ್ವರ್ಟರ್ ಬೇಡ, ಒಲೆಗೊಂದು ಬ್ಯಾಟರಿ ಸಾಕು

ಆಟಿ ತಿಂಗಳಲ್ಲಿ ನಮ್ಮ ಮಂಡೆಕೋಲಿನಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಎಲ್ಲೋ ಗುಡ್ಡದ ಆಚೆ ಅಕೇಶಿಯಾ ಮರವೊಂದು ತಂತಿ ಮೇಲೆ ಬಿದ್ದರೆ ಆಯಿತು, ಅದು ಎಲ್ಲಿ ಬಿದ್ದಿದೆ ಅಂತ ಹುಡುಕುವುದರಲ್ಲೇ ಲೈನ್‌ಮ್ಯಾನ್‌ಗಳಿಗೆ ಅರ್ಧ ದಿನ ಬೇಕು. ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿದು ಫೋನಿಗೆ ನೆಟ್‌ವರ್ಕ್ ಇಲ್ಲ. ಇದಕ್ಕೆಲ್ಲ ನಾವು ಒಗ್ಗಿಕೊಂಡವರೇ. ಆದರೆ ಎರಡು ಮಳೆಗಾಲದ ಹಿಂದೆ ಒಂದು ರಾತ್ರಿ ನಡೆದದ್ದಕ್ಕೆ ಒಗ್ಗಿಕೊಳ್ಳಲು ನನ್ನಿಂದ ಆಗಿಲ್ಲ.

ಜಾಯಿಕಾಯಿ ಕೊಯ್ಲಿನ ಸಮಯ. ನಿಮಗೆ ಗೊತ್ತಲ್ಲ, ಜಾಯಿಕಾಯಿಗೆ ನಮ್ಮ ಮೇಲೆ ಕರುಣೆ ಇಲ್ಲ, ಬಾಯಿ ಬಿಡುವುದೇ ಜೋರು ಮಳೆಯಲ್ಲಿ. ಬಿಸಿಲು ಕಾಯುತ್ತ ಕೂತರೆ ಕೆಂಪು ಜಾಪತ್ರೆಗೆ ಎರಡು ಮೂರು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ನಾನು ಒಂದು ಡ್ರೈಯರ್ ಮಾಡಿಸಿದ್ದೆ. ತಟ್ಟೆಗಳನ್ನು ಜೋಡಿಸುವ ತಗಡಿನ ಪೆಟ್ಟಿಗೆ, ಅದಕ್ಕೆ ಬಿಸಿಗಾಳಿ ಕೊಡುವ ಪೆಲೆಟ್ ಒಲೆ. ರಾತ್ರಿ ತಟ್ಟೆ ತುಂಬಿಸಿ ಮಲಗಿದೆ. ಪಕ್ಕದ ಕೋಣೆಯಲ್ಲಿ ಅಜ್ಜಿ. ಗೋಡೆ ಬೆಚ್ಚಗಿರುತ್ತದೆ ಅಂತ ಮಳೆಗಾಲದಲ್ಲಿ ಅವರೇ ಹಾಸಿಗೆಯನ್ನು ಅಲ್ಲಿಗೆ ತಂದುಕೊಂಡಿದ್ದರು. ನಡುರಾತ್ರಿ ಕರೆಂಟ್ ಹೋಯಿತು. ಬ್ಲೋವರ್ ನಿಂತಿತು. ಆದರೆ ಬ್ಲೋವರ್ ನಿಂತರೆ ಬೆಂಕಿ ನಿಲ್ಲುವುದಿಲ್ಲ ಅಲ್ವಾ? ಉರಿಪಾತ್ರೆಯಲ್ಲಿದ್ದ ಪೆಲೆಟ್ ಗಾಳಿ ಸಾಲದೆ ಹೊಗೆಯಾಡಿತು. ಮೇಲಕ್ಕೆ ಎಳೆಯುವವರು ಇಲ್ಲದೆ ಆ ಹೊಗೆ ಪೆಲೆಟ್ ತುಂಬುವ ಡಬ್ಬದ ಮೂಲಕ ಕೋಣೆಗೇ ಬಂತು. ನನಗೆ ಎಚ್ಚರವಾದದ್ದು ವಾಸನೆಗೆ. ಹೋಗಿ ನೋಡಿದರೆ ಅಜ್ಜಿ ಹಾಸಿಗೆಯಲ್ಲಿ ಎದ್ದು ಕೂತಿದ್ದಾರೆ, "ತಲೆ ತಿರುಗ್ತದೆ ಮಗಾ, ಏಳಲಿಕ್ಕೆ ಆಗುದಿಲ್ಲ" ಅನ್ನುತ್ತಿದ್ದಾರೆ. ಎತ್ತಿಕೊಂಡು ಜಗಲಿಗೆ ತಂದು ಕೂರಿಸಿದೆವು. ಅರ್ಧ ಗಂಟೆ ಗಾಳಿಯಲ್ಲಿ ಕೂತ ಮೇಲೆ ಸರಿಯಾದರು. ಬೆಳಿಗ್ಗೆ ಆಸ್ಪತ್ರೆಗೂ ಹೋಗಿ ಬಂದೆವು.

ಹೊಗೆಗೆ ವಾಸನೆ ಉಂಟು ಅಂತ ನಾವು ಬಚಾವು. ಅದರ ಜೊತೆಗೆ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಅದೇ ಹೋಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದವರು ಬೆಳಿಗ್ಗೆ ಏಳದೆ ಇರುವುದು ಇದರಿಂದಲೇ. ತೋಟಗಾರಿಕೆ ಓದಿದ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ಒಲೆ ಇಡುವಾಗ ಮಾತ್ರ ನೆನಪಾಗಲಿಲ್ಲ.

ಈ ಮಳೆಗಾಲಕ್ಕೆ ಮುಂಚೆ ಪೆಲೆಟ್ ಒಲೆ ಅಥವಾ ಬ್ಲೋವರ್ ಇರುವ ಡ್ರೈಯರ್ ಹಾಕಿಸುವ ಯೋಚನೆಯಲ್ಲಿ ತುಂಬ ಜನ ಇದ್ದೀರಿ. ಎಲ್ಲರೂ ಕೇಳುವುದು ಒಂದೇ, "ಕರೆಂಟ್ ಹೋದರೆ ಎಂತ ಮಾಡುವುದು, ಯಾವ ಇನ್ವರ್ಟರ್ ತೆಗೆಯುವುದು?" ನನ್ನ ಅಭಿಪ್ರಾಯ ಇಷ್ಟು. ಮನೆಗೆಲ್ಲ ಆಗುವಂಥ ದೊಡ್ಡ ಇನ್ವರ್ಟರ್‌ಗೂ ಜನರೇಟರ್‌ಗೂ ದುಡ್ಡು ಹಾಕಬೇಡಿ. ಒಲೆಗೆ ಮಾತ್ರ ಒಂದು ಪ್ರತ್ಯೇಕ ಸಣ್ಣ ಬ್ಯಾಟರಿ ಇಡಿ. ಅದಕ್ಕೂ ಮೊದಲು, ಬ್ಯಾಟರಿ ಕೈಕೊಟ್ಟರೂ ಹೊಗೆ ಹೊರಗೇ ಹೋಗುವ ಹಾಗೆ ಚಿಮಣಿ ಸರಿ ಮಾಡಿ.

ಮೊದಲು ಚಿಮಣಿ

ಒಲೆ ಮಾರುವವರು ಬ್ಲೋವರ್ ಇದೆ ಅಂತ ಮೂರಡಿ ಪೈಪನ್ನು ಗೋಡೆಯಿಂದ ಹೊರಗೆ ಅಡ್ಡ ತೂರಿಸಿ ಹೋಗುತ್ತಾರೆ. ಕರೆಂಟ್ ಇರುವವರೆಗೆ ಅದು ಸಾಕು. ಕರೆಂಟ್ ಹೋದ ಮರುಕ್ಷಣ ಆ ಪೈಪಿಗೆ ಹೊಗೆ ಎಳೆಯುವ ಶಕ್ತಿಯೇ ಇರುವುದಿಲ್ಲ. ಬಿಸಿಗಾಳಿ ತಾನಾಗಿಯೇ ಮೇಲೇರಬೇಕಾದರೆ ಪೈಪು ನೆಟ್ಟಗೆ ನಿಂತಿರಬೇಕು, ಮಾಡಿನ ಎತ್ತರದ ಭಾಗವನ್ನು ದಾಟಿ ಎರಡಡಿಯಾದರೂ ಮೇಲೆ ಹೋಗಬೇಕು, ತಲೆಗೆ ಮಳೆಟೋಪಿ ಇರಬೇಕು. ಪೆಲೆಟ್ ಡಬ್ಬದ ಮುಚ್ಚಳ ಬಿಗಿಯಾಗಿ ಕೂರಬೇಕು. ನಾನು ಮುಚ್ಚಳದ ಸುತ್ತ ಬಿಸಿ ತಡೆಯುವ ಹಗ್ಗ ಅಂಟಿಸಿದ್ದೇನೆ. ಆಮೇಲೆ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೋನಾಕ್ಸೈಡ್ ಅಲಾರಂ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿ ಮಲಗುವ ಕೋಣೆಯಲ್ಲಿ ಇಟ್ಟೆ. ಹೊಗೆ ಕಂಡುಹಿಡಿಯುವ ಅಲಾರಂ ಬೇರೆ, ಇದು ಬೇರೆ. ಕೇಳಿ ತರಿಸಿ.

"ಡ್ರೈಯರನ್ನು ಮನೆಯಿಂದ ದೂರ ಶೆಡ್ಡಿನಲ್ಲಿ ಇಟ್ಟರಾಯಿತಲ್ಲ" ಅಂತ ಸುಳ್ಯ ಪೇಟೆಯ ಗೆಳೆಯನೊಬ್ಬ ಹೇಳಿದ. ಸರಿಯೇ. ಆದರೆ ನಮ್ಮ ಕಡೆ ರಾತ್ರಿ ಕಾಡಿನಿಂದ ಆನೆ ತೋಟಕ್ಕೆ ಇಳಿಯುತ್ತದೆ. ಬೆಂಕಿ ನೋಡಲಿಕ್ಕೆ ಅಂತ ಎರಡು ಗಂಟೆಗೆ ಟಾರ್ಚು ಹಿಡಿದು ಅಂಗಳ ದಾಟುವ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಆನೆ ಇಲ್ಲದಿದ್ದರೆ ಶೆಡ್ಡೇ ಒಳ್ಳೆಯದು.

ಒಲೆ ನಿಜವಾಗಿ ಎಷ್ಟು ಕರೆಂಟ್ ತಿನ್ನುತ್ತದೆ

ಪೆಲೆಟ್ ಒಲೆಯ ಬಿಸಿಯೆಲ್ಲ ಬರುವುದು ಪೆಲೆಟ್‌ನಿಂದ. ಮರದ ಹುಡಿ, ಕಾಫಿ ಸಿಪ್ಪೆ, ಶೇಂಗಾ ಸಿಪ್ಪೆಯನ್ನು ಒತ್ತಿ ಮಾಡಿದ ಬೆರಳು ಗಾತ್ರದ ತುಂಡುಗಳವು. ಕರೆಂಟಿನ ಕೆಲಸ ಗಾಳಿ ಊದುವುದು, ಪೆಲೆಟ್ ತಳ್ಳುವುದು, ಅಷ್ಟೇ. ಬೆಂಕಿ ನೋಡಿ ಕರೆಂಟಿನ ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು. "ಇಷ್ಟು ದೊಡ್ಡ ಒಲೆ, ಎರಡು ಕಿಲೋವಾಟಿನ ಇನ್ವರ್ಟರಾದರೂ ಬೇಕು" ಅಂತ ಅಂಗಡಿಯವರು ಹೇಳಿದಾಗ ನಾನೂ ತಲೆಯಾಡಿಸಿದ್ದೆ.

ಅಂದಾಜು ಬಿಟ್ಟು ಅಳೆದು ನೋಡಿ. ಪ್ಲಗ್ಗಿಗೂ ಒಲೆಗೂ ನಡುವೆ ಸಿಕ್ಕಿಸುವ ವಾಟ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ದೊಡ್ಡ ಖರ್ಚೇನೂ ಇಲ್ಲ. ನನ್ನ ಒಲೆಯಲ್ಲಿ ಉರಿಗೆ ಗಾಳಿ ಊದುವ ಬ್ಲೋವರ್, ಪೆಲೆಟ್ ತಳ್ಳುವ ಸ್ಕ್ರೂ ಮೋಟಾರು, ತಟ್ಟೆಗಳ ನಡುವೆ ಗಾಳಿ ಆಡಿಸುವ ಫ್ಯಾನು, ಕಂಟ್ರೋಲ್ ಬೋರ್ಡು ಎಲ್ಲ ಸೇರಿ ಸರಾಸರಿ 125 ವಾಟ್. ಎರಡು ಹಳೆಯ ಸೀಲಿಂಗ್ ಫ್ಯಾನು ತಿನ್ನುವುದಕ್ಕಿಂತ ಕಡಿಮೆ! ಒಂದೇ ತೊಂದರೆ ಅಂದರೆ ಶುರುವಿನಲ್ಲಿ ಪೆಲೆಟ್ ಹೊತ್ತಿಸುವ ರಾಡ್. ಅದು ಐದಾರು ನಿಮಿಷ 350 ವಾಟ್ ಎಳೆಯುತ್ತದೆ. ಕರೆಂಟ್ ಇದ್ದಾಗಲೇ ಹೊತ್ತಿಸಿದರೆ ಅದರ ಭಾರ ಬ್ಯಾಟರಿಗೆ ಬೀಳುವುದಿಲ್ಲ. ಇಲ್ಲದಿದ್ದರೆ ನಾಲ್ಕು ತುಂಡು ತೆಂಗಿನ ಚಿಪ್ಪು ಹಾಕಿ ಕೈಯಿಂದಲೇ ಹೊತ್ತಿಸಿ.

ದೊಡ್ಡ ಡ್ರೈಯರಿಗೆ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಹಾಕಿಸಿದವರ ಲೆಕ್ಕ ಬೇರೆ. ಅದು ಓಡುವಾಗ 500 ವಾಟಿನ ಮೇಲೆ ಬೇಕು, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಸಣ್ಣ ಇನ್ವರ್ಟರ್ ಅಲ್ಲೇ ಬೀಪ್ ಅಂತ ಕೂಗಿ ಕೂರುತ್ತದೆ. ಅಂಥವರು ಇನ್ವರ್ಟರ್ ದೊಡ್ಡದು ಮಾಡುವ ಬದಲು ಬ್ಲೋವರನ್ನೇ ಬಿಎಲ್‌ಡಿಸಿ ಮೋಟಾರಿಗೆ ಬದಲಿಸಲಿಕ್ಕೆ ಆಗುತ್ತದಾ ಅಂತ ಮೊದಲು ವಿಚಾರಿಸಿ.

ಮನೆಯ ಇನ್ವರ್ಟರ್ ಎಂತಕ್ಕೆ ಸಾಲುವುದಿಲ್ಲ

ಆ ರಾತ್ರಿಯ ನಂತರ ನಾನು ಮಾಡಿದ ಮೊದಲ ಕೆಲಸ ಒಲೆಯನ್ನು ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿದ್ದು. 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಇತ್ತು. ಕಾಗದದ ಮೇಲೆ 12 ವೋಲ್ಟ್ ಗುಣಿಸು 150, ಅಂದರೆ 1800 ವಾಟ್ ಅವರ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಹೀರಿದರೆ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಬಳಸಲಿಕ್ಕೆ ಸಿಗುವುದು 900. ಇನ್ವರ್ಟರ್ ತಾನು ತಿನ್ನುವ ಪಾಲನ್ನು ಕಳೆದರೆ 125 ವಾಟಿನ ಒಲೆಗೆ ಸುಮಾರು ಆರು ಗಂಟೆ. ಒಲೆ ಒಂದೇ ಇದ್ದರೆ ಮಾತ್ರ! ಅದರ ಜೊತೆ ಎರಡು ಫ್ಯಾನು, ಟಿವಿ, ವೈಫೈ, ನಾಲ್ಕು ಬಲ್ಬು, ಮೂರು ಫೋನು ಸೇರಿದರೆ ಎರಡು ಎರಡೂವರೆ ಗಂಟೆಗೆ ಮುಗಿಯಿತು. ಧಾರಾವಾಹಿ ಮುಗಿಯುವ ಹೊತ್ತಿಗೆ ನನ್ನ ಜಾಪತ್ರೆಯ ಕಥೆಯೂ ಮುಗಿಯುತ್ತಿತ್ತು. ಯಾರನ್ನೂ ಬೈಯುವ ಹಾಗಿಲ್ಲ. ಕರೆಂಟ್ ಇಲ್ಲದ ಹೊತ್ತಿಗೆ ಅಂತಲೇ ಇನ್ವರ್ಟರ್ ಇಟ್ಟದ್ದು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಒಂದು ಸಣ್ಣ ಸ್ವಿಚ್. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಯುಪಿಎಸ್, ನಾರ್ಮಲ್ ಅಂತ ಎರಡು ಆಯ್ಕೆ ಇರುತ್ತದೆ. ಯುಪಿಎಸ್‌ನಲ್ಲಿಟ್ಟರೆ ಕರೆಂಟ್ ಹೋದದ್ದೇ ಗೊತ್ತಾಗದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ, ಒಲೆಯ ಬೋರ್ಡು ರೀಸೆಟ್ ಆಗುವುದಿಲ್ಲ. ನನಗೆ ಅದೇ ಬೇಕಿತ್ತು, ಹಾಕಿದೆ. ಆದರೆ ಆ ಸ್ಥಿತಿಯಲ್ಲಿ ಇನ್ವರ್ಟರ್ ಸುಮಾರು 180 ವೋಲ್ಟಿಗಿಂತ ಕಡಿಮೆ ಬಂದ ಕರೆಂಟನ್ನು ಕರೆಂಟ್ ಅಂತಲೇ ಒಪ್ಪುವುದಿಲ್ಲ. ಸಂಜೆ ಎಲ್ಲರ ಪಂಪು, ಮಿಕ್ಸಿ ಶುರುವಾದ ಮೇಲೆ ನಮ್ಮ ಮನೆಗೆ ಬರುವುದು 160, 170. ಅಂದರೆ ಮನೆಯಲ್ಲಿ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡುತ್ತಿತ್ತು, ಚಾರ್ಜೂ ಆಗುತ್ತಿರಲಿಲ್ಲ. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಖಾಲಿ! "ಹೊಸ ಬ್ಯಾಟರಿಯೇ ಹಾಳು" ಅಂತ ಅಂಗಡಿಗೆ ಹೊತ್ತುಕೊಂಡು ಹೋಗಿ ನಾಚಿಕೆಪಟ್ಟು ಬಂದೆ. ನಿಮ್ಮಲ್ಲಿ ವೋಲ್ಟೇಜ್ ಕಡಿಮೆ ಇದ್ದರೆ ನಾರ್ಮಲ್‌ನಲ್ಲಿಟ್ಟು ಒಲೆ ರೀಸೆಟ್ ಆಗುತ್ತದಾ ನೋಡಿ. ಆಗುತ್ತದೆ ಅಂದರೆ ಇನ್ವರ್ಟರಿಗೆ ಮೊದಲು ಸ್ಟೆಬಿಲೈಸರ್ ಹಾಕಬೇಕು.

ಹಾಗೆಯೇ, ಕಡಿಮೆ ಬೆಲೆಗೆ ಸಿಗುವ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಒಲೆ ಓಡಿಸಬೇಡಿ. ಮೋಟಾರು ಗುಂಯ್ ಅಂತ ಕೂಗುತ್ತ ಬಿಸಿಯಾಗುತ್ತದೆ. ಸೈನ್ ವೇವ್ ಅಂತ ಬರೆದದ್ದನ್ನೇ ಕೇಳಿ.

ನಾನು ಕೊನೆಗೆ ಇಟ್ಟದ್ದು

12.8 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು, ಅದಕ್ಕೆ ಹೊಂದುವ ಸಣ್ಣ ಸೈನ್ ವೇವ್ ಇನ್ವರ್ಟರ್. ಒಲೆ ಬಿಟ್ಟು ಬೇರೆ ಯಾವುದಕ್ಕೂ ಸಂಪರ್ಕ ಇಲ್ಲ. ಅಮ್ಮ ಫೋನ್ ಚಾರ್ಜಿಗೆ ಕೇಳಿದರೂ ಇಲ್ಲ. 1280 ವಾಟ್ ಅವರ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಳಸಬಹುದು. ಹಾಗಾಗಿ ಆಂಪಿಯರ್ ಅವರ್ ಕಡಿಮೆ ಇದ್ದರೂ ಟ್ಯೂಬುಲರ್‌ಗಿಂತ ಹೆಚ್ಚು ಹೊತ್ತು, ಏಳೂವರೆ ಗಂಟೆಯ ಮೇಲೆ ಬರುತ್ತದೆ.

ಬೆಲೆ ಜಾಸ್ತಿ ಅನ್ನುತ್ತೀರಿ. ಹೌದು. ಆದರೆ ನಮ್ಮ ಮಳೆಗಾಲದಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಗ ತುಂಬುತ್ತದೆ ಅನ್ನುವುದು ಮುಖ್ಯ. ಸಾಮಾನ್ಯ ಇನ್ವರ್ಟರ್ 10 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಅರ್ಧ ಖಾಲಿಯಾದ ಟ್ಯೂಬುಲರ್ ತುಂಬಲು ಎಂಟೊಂಬತ್ತು ಗಂಟೆ ಬೇಕು. ಜುಲೈಯಲ್ಲಿ ಕರೆಂಟ್ ಬರುವುದೇ ಎರಡು ಗಂಟೆ, ಮೂರು ಗಂಟೆಯ ತುಂಡುಗಳಲ್ಲಿ. ಒಂದು ದಿನಕ್ಕೆ ತುಂಬದ ಬ್ಯಾಟರಿ ಮರುದಿನ ಇನ್ನೂ ಕಡಿಮೆಯಿಂದ ಶುರು, ನಾಲ್ಕನೇ ದಿನಕ್ಕೆ ಸೊನ್ನೆ. ಲಿಥಿಯಂ 30 ಆಂಪಿಯರ್ ಚಾರ್ಜರ್‌ನಲ್ಲಿ ಮೂರು ಗಂಟೆ ಚಿಲ್ಲರೆಗೆ ತುಂಬುತ್ತದೆ. ಒಂದು ಎಚ್ಚರ, ಹಳೆ ಇನ್ವರ್ಟರಿಗೆ ಹಾಗೇ ಲಿಥಿಯಂ ಸಿಕ್ಕಿಸಬೇಡಿ. ಲಿಥಿಯಂಗೆ ಅಂತ ಸೆಟ್ಟಿಂಗ್ ಇರುವ ಇನ್ವರ್ಟರೇ ಬೇಕು. ಮತ್ತೆ, ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆ ಕಾರಿನ ಬ್ಯಾಟರಿ ತಂದು ಪ್ರಯೋಗ ಮಾಡುವವರು ನಮ್ಮಲ್ಲಿ ತುಂಬ. ಅದು ಇಂಜಿನ್ ಸ್ಟಾರ್ಟ್ ಮಾಡಲಿಕ್ಕೆ ಒಂದು ಕ್ಷಣ ಜೋರಾಗಿ ಕೊಡುವ ಬ್ಯಾಟರಿ. ರಾತ್ರಿಯಿಡೀ ಹೀರಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ.

ಒಂದು ಅನಿರೀಕ್ಷಿತ ಲಾಭವೂ ಸಿಕ್ಕಿತು. ಸಿಡಿಲು ಶುರುವಾದರೆ ನಾವೆಲ್ಲ ಓಡಿ ಹೋಗಿ ಪ್ಲಗ್ಗು ಕೀಳುತ್ತೇವೆ. ಮೊದಲು ಒಲೆಯದ್ದು ಕೀಳುವ ಹಾಗಿರಲಿಲ್ಲ. ಈಗ ಇನ್ವರ್ಟರಿನ ಪ್ಲಗ್ಗು ಕಿತ್ತು ಇಡುತ್ತೇನೆ. ಒಲೆ ಬ್ಯಾಟರಿಯಲ್ಲಿ ತನ್ನ ಪಾಡಿಗೆ ಓಡುತ್ತಿರುತ್ತದೆ.

ಇನ್ನೂ ಒಂದು ದಾರಿ ಉಂಟು, ನನ್ನ ಪ್ರಕಾರ ಅದೇ ಅತ್ಯುತ್ತಮ. ಬ್ಲೋವರೇ 12 ವೋಲ್ಟ್ ಡಿಸಿಯದ್ದಾದರೆ ಇನ್ವರ್ಟರೇ ಬೇಡ. ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು. ಇದು ಹೊಸ ಐಡಿಯಾ ಏನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಲ್ಲಿ 2006ರ ಹೊತ್ತಿಗೆ ಊರ್ಜಾ ಅಂತ ಒಂದು ಪೆಲೆಟ್ ಒಲೆ ಮಾರುಕಟ್ಟೆಗೆ ಬಂದಿತ್ತು. ಅದರ ಪುಟ್ಟ ಫ್ಯಾನಿಗೆ ಚಾರ್ಜ್ ಮಾಡುವ ಬ್ಯಾಟರಿ ಒಲೆಯ ಜೊತೆಗೇ ಇತ್ತು. ಲಕ್ಷಗಟ್ಟಲೆ ಮನೆಗಳಿಗೆ ಹೋದ ಒಲೆ ಅದು. ಆಮೇಲೆ ಪೆಲೆಟ್ ಬೆಲೆ ಏರಿದ್ದರಿಂದ ಮನೆಗಳಲ್ಲಿ ಹಿಂದೆ ಬಿತ್ತೇ ಹೊರತು ಫ್ಯಾನಿನಿಂದಲ್ಲ. ಇಷ್ಟು ವರ್ಷದ ಹಿಂದೆ ಸಣ್ಣ ಒಲೆಗೆ ಮಾಡಿದ್ದನ್ನು ಈಗ ಡ್ರೈಯರ್ ಒಲೆ ಮಾಡುವವರು ಎಂತಕ್ಕೆ ಮಾಡುವುದಿಲ್ಲ? ನಾವು ಕೇಳುವುದಿಲ್ಲ, ಅದಕ್ಕೆ. ಆರ್ಡರ್ ಕೊಡುವ ಮುಂಚೆ "ಡಿಸಿ ಬ್ಲೋವರ್ ಉಂಟಾ?" ಅಂತ ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಸಿಗುತ್ತದೆ.

ಸೋಲಾರ್, ಜನರೇಟರ್

ಸೋಲಾರ್ ಬಗ್ಗೆ ನನಗೆ ಭಕ್ತಿ ಉಂಟು, ಪಂಪಿಗೆ ಹಾಕಿಸಿದ್ದೇನೆ. ಆದರೆ ಜಾಯಿಕಾಯಿ ಒಣಗಿಸುವ ತಿಂಗಳಲ್ಲಿ ಸೂರ್ಯನನ್ನು ನಂಬಿ ಬ್ಯಾಟರಿ ಇಡುವುದೆಂದರೆ, ಬಿಸಿಲಿದ್ದರೆ ಡ್ರೈಯರೇ ಬೇಕಿರಲಿಲ್ಲವಲ್ಲ! ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತದೆ. ಆದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಹಾಳಾಗಿ ಅಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಇಲ್ಲದಿದ್ದರೆ ನಮ್ಮ ಮಾಡಿನ ಕರೆಂಟ್ ತಂತಿಗೆ ಹಿಂದೆ ಹೋಗಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹೊಡೆಯುತ್ತದೆ. ಬಿಲ್ಲು ಕಡಿಮೆ ಮಾಡಲಿಕ್ಕೆ ಅದನ್ನು ಹಾಕಿಸಿ, ರಾತ್ರಿಯ ಒಲೆಗೆ ಅಂತ ಅಲ್ಲ.

ಸೋಲಾರ್‌ನವರು ಅಷ್ಟು ಜಾಗ್ರತೆ ಮಾಡಿದ್ದನ್ನು ನಾವು ಜನರೇಟರಿನಲ್ಲಿ ಹಾಳು ಮಾಡುತ್ತೇವೆ. ಎರಡೂ ತುದಿಗೆ ಪ್ಲಗ್ಗು ಇರುವ ವೈರು ಮಾಡಿ, ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟು ಇಡೀ ಮನೆಗೆ ಕರೆಂಟ್ ಮಾಡಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. "ಮೈನ್ ಸ್ವಿಚ್ ಆಫ್ ಮಾಡ್ತೇನೆ ಮಾರಾಯ್ರೇ" ಅನ್ನುತ್ತಾರೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಮರೆತರೆ? ಆ 230 ವೋಲ್ಟ್ ಸರ್ವೀಸ್ ವೈರಿನಲ್ಲಿ ಹಿಂದೆ ಹೋಗಿ ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ತಿರುಗಿ ಸಾವಿರಾರು ವೋಲ್ಟ್ ಆಗುತ್ತದೆ. ಆ ಹೊತ್ತಿಗೆ ಮಳೆಯಲ್ಲಿ ಒದ್ದೆಯಾಗಿ ನಮ್ಮದೇ ಮರವನ್ನು ತಂತಿಯಿಂದ ಬಿಡಿಸುತ್ತಿರುವವನು ಬಹುಶಃ ನಿಮ್ಮ ಜೊತೆ ಶಾಲೆಗೆ ಹೋದವನೇ ಇರಬಹುದು. ಜನರೇಟರ್ ಇದ್ದವರು ಎಲೆಕ್ಟ್ರಿಷಿಯನ್ ಕರೆದು ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಇದರಲ್ಲಿ ನನ್ನದು ಅಭಿಪ್ರಾಯ ಅಲ್ಲ, ಕೈಮುಗಿದು ಕೇಳುವುದು.

125 ವಾಟಿನ ಒಲೆಗೋಸ್ಕರ ಎರಡು ಕೆವಿಎ ಜನರೇಟರ್ ರಾತ್ರಿಯಿಡೀ ಓಡಿಸುವುದು ಒಂದು ಕುತ್ತಿ ಮೆಣಸು ತರಲಿಕ್ಕೆ ಲಾರಿ ಕಳಿಸಿದ ಹಾಗೆ. ಭಾರ ಇರಲಿ ಬಿಡಲಿ, ಗಂಟೆಗೆ ಅರ್ಧ ಲೀಟರ್ ಪೆಟ್ರೋಲಾದರೂ ಹೋಗುತ್ತದೆ. ಪೆಟ್ರೋಲ್ ನೂರು ದಾಟಿ ವರ್ಷಗಳಾಯಿತು. ಎರಡು ಮೂರು ದಿನ ಕರೆಂಟೇ ಬಾರದಿದ್ದರೆ ಮಾತ್ರ ಹಗಲಿನಲ್ಲಿ ಮೂರು ಗಂಟೆ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಿ. ಅದೂ ಅಂಗಳದ ಆಚೆ ಇಟ್ಟು. ಮಳೆ ಅಂತ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಓಡಿಸಿದರೆ ಅದರ ಹೊಗೆಯಲ್ಲೂ ಅದೇ ಕಾರ್ಬನ್ ಮೋನಾಕ್ಸೈಡ್.

ಒಂದು ವೇಳೆ ಬ್ಯಾಟರಿಯೂ ಮುಗಿದರೆ? ಒಣಗುತ್ತಿರುವ ಮಾಲು ಒಂದು ರಾತ್ರಿಗೆ ಹಾಳಾಗುವುದಿಲ್ಲ. ತಟ್ಟೆ ತೆಗೆದು ತೆಳುವಾಗಿ ಹರಡಿಡಿ. ಬಚ್ಚಲಿನ ಹಂಡೆಯ ಮೇಲಿನ ಅಟ್ಟ ಇದ್ದರೆ ಜಾಯಿಕಾಯಿಯನ್ನು ಅಲ್ಲಿಗೆ ಏರಿಸಿ. ಜಾಪತ್ರೆಯನ್ನು ಬೇಡ, ಹೊಗೆ ವಾಸನೆ ಹಿಡಿದರೆ ವ್ಯಾಪಾರಿ ಮೂಸಿ ನೋಡಿ ಬೆಲೆ ಇಳಿಸುತ್ತಾನೆ. ಕರೆಂಟ್ ಬಂದ ಮೇಲೆ ತಡವಾಯಿತು ಅಂತ ಒಲೆಯ ಬಿಸಿ ಏರಿಸಬೇಡಿ. 45 ಡಿಗ್ರಿ ದಾಟಿದರೆ ಜಾಯಿಕಾಯಿಯೊಳಗಿನ ಕೊಬ್ಬು ಕರಗುತ್ತದೆ. ಪೆಲೆಟ್ ಚೀಲವನ್ನು ನೆಲದ ಮೇಲೆ ಇಡಬೇಡಿ, ತೇವ ಎಳೆದು ಉಬ್ಬಿ ಹುಡಿಯಾದರೆ ಸ್ಕ್ರೂ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಬೂದಿ ಅಡಿಕೆ ಬುಡಕ್ಕೆ.

ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಒಂದು ಹಗಲು ಒಲೆ ಹೊತ್ತಿಸಿ ಒಂದು ಗಂಟೆ ಓಡಿಸಿ. ಬಾಗಿಲು ಕಿಟಕಿ ತೆರೆದಿಟ್ಟು, ಬ್ಯಾಟರಿಯನ್ನೂ ಬಿಡಿಸಿ, ಪ್ಲಗ್ಗು ಕೀಳಿ. ಹೊಗೆ ಎಲ್ಲಿ ಹೋಗುತ್ತದೆ ಅಂತ ಕೂತು ನೋಡಿ. ನಾನು ಹೋದ ವರ್ಷ ಹಾಗೆ ನೋಡಿದಾಗ ಚಿಮಣಿಯ ಒಂದು ಜಾಯಿಂಟಿನಿಂದ ನೂಲಿನ ಹಾಗೆ ಬರುತ್ತಿತ್ತು, ಅದನ್ನೂ ಬಿಗಿ ಮಾಡಿಸಿದೆ. ಅಜ್ಜಿಯ ಹಾಸಿಗೆ ಈಗ ಚಾವಡಿಯಲ್ಲಿದೆ. ಅಲ್ಲಿ ಚಳಿ ಅಂತ ಅವರ ತಕರಾರು ಇನ್ನೂ ಮುಗಿದಿಲ್ಲ.